ಕಂಕುಳಿನ ಆಪರೇಷನ್: ಗಂಟು ತೆಗೆದರೂ ನರ ಉಳಿಸಿಕೊಳ್ಳುವುದು ಹೇಗೆ?

ಸ್ತನ ಕ್ಯಾನ್ಸರ್ ಎಂದು ಗೊತ್ತಾದ ದಿನ ಮನೆಯವರು ಕೇಳುವುದೆಲ್ಲ ಗಡ್ಡೆಯ ಬಗ್ಗೆ. ಎಷ್ಟು ದೊಡ್ಡದು, ಹರಡಿದೆಯಾ, ಕೀಮೋ ಬೇಕಾ. ಕಂಕುಳಿನ ಮಾತು ಬರುವುದು ಕೊನೆಗೆ, ಅದೂ ಒಂದೇ ವಾಕ್ಯದಲ್ಲಿ: "ಅಲ್ಲಿಯ ಗಂಟುಗಳನ್ನೂ ತೆಗೆಯಬೇಕು." ಗಂಟು ಎಂದರೆ ಇಲ್ಲಿ ಸ್ತನದ ಗಡ್ಡೆ ಅಲ್ಲ, ಕಂಕುಳಿನ ದುಗ್ಧಗ್ರಂಥಿಗಳು (ಲಿಂಫ್ ನೋಡ್). ಆದರೆ ಚಿಕಿತ್ಸೆ ಮುಗಿಸಿ ಮಂಗಳೂರಿನ ನಮ್ಮ ಫಿಸಿಯೋಥೆರಪಿ ಕೋಣೆಗೆ ಬರುವ ಹೆಂಗಸರು ಹೇಳಿಕೊಳ್ಳುವುದು ಹೆಚ್ಚಾಗಿ ತೋಳಿನ ಕಷ್ಟವನ್ನೇ. "ಬಸ್ಸಲ್ಲಿ ಮೇಲಿನ ರಾಡ್ ಹಿಡೀಲಿಕ್ಕೆ ಆಗುದಿಲ್ಲ." "ಬಾವಿಯಿಂದ ನೀರು ಎಳೀಲಿಕ್ಕೆ ಬಲ ಇಲ್ಲ." "ತೋಳಿನ ಒಳಬದಿ ಯಾವಾಗ್ಲೂ ಉರಿ."

ಈ ಮೂರು ದೂರುಗಳ ಹಿಂದೆ ಮೂರು ಬೇರೆ ಬೇರೆ ನರಗಳಿರಬಹುದು. ಅವನ್ನು ಉಳಿಸುವ ಕೆಲಸ ಸರ್ಜನ್‌ರದ್ದು. ಆದರೆ ಅದರ ಬಗ್ಗೆ ಮೊದಲೇ ಮಾತಾಡುವ ಕೆಲಸ ನಮ್ಮದು. ಕ್ಯಾನ್ಸರ್ ಮುಂದೆ ನರದ ಮಾತು ಸಣ್ಣದು ಅಂತ ಸುಮ್ಮನಿರಬೇಡಿ. ಆಪರೇಷನ್ ನಂತರ ಅದೇ ಕೈಯಲ್ಲಿ ಬದುಕಬೇಕು ಅಲ್ವಾ?

ಮೊದಲು, ಎಲ್ಲ ಗಂಟು ತೆಗೆಯಲೇಬೇಕಾ ಎಂದು ಕೇಳಿ

ನರ ಉಳಿಸುವ ಅತಿ ಒಳ್ಳೆಯ ದಾರಿ ಅನಗತ್ಯವಾಗಿ ಕಂಕುಳನ್ನು ಪೂರ್ತಿ ಬಿಡಿಸದೇ ಇರುವುದು. ಪರೀಕ್ಷೆಯಲ್ಲಿ ಮತ್ತು ಸ್ಕ್ಯಾನ್‌ನಲ್ಲಿ ಕಂಕುಳಿನ ಗಂಟುಗಳು ಸರಿಯಾಗಿ ಕಂಡರೆ 'ಸೆಂಟಿನೆಲ್ ನೋಡ್ ಬಯಾಪ್ಸಿ' ಮಾಡಬಹುದು. ಸ್ತನಕ್ಕೆ ನೀಲಿ ಬಣ್ಣದ ಔಷಧಿ, ಅಥವಾ ಸ್ವಲ್ಪ ರೇಡಿಯೋ ಐಸೋಟೋಪ್ (ಯಂತ್ರದಿಂದ ಪತ್ತೆ ಹಚ್ಚಬಹುದಾದ ವಿಕಿರಣ ಸೂಸುವ ಔಷಧಿ), ಅಥವಾ ಎರಡನ್ನೂ ಚುಚ್ಚುತ್ತಾರೆ. ಅದು ಹರಿದು ಮೊದಲು ಸೇರುವ ಗಂಟುಗಳನ್ನು ಮಾತ್ರ ತೆಗೆದು ನೋಡುತ್ತಾರೆ. ಸಾಮಾನ್ಯವಾಗಿ ಒಂದರಿಂದ ಮೂರ್ನಾಲ್ಕು. ಅವುಗಳಲ್ಲಿ ಕ್ಯಾನ್ಸರ್ ಇಲ್ಲದಿದ್ದರೆ ಉಳಿದದ್ದನ್ನು ಮುಟ್ಟುವುದಿಲ್ಲ. ಒಂದೆರಡರಲ್ಲಿ ಮಾತ್ರ ಇದ್ದರೆ, ಸ್ತನ ಉಳಿಸುವ ಆಪರೇಷನ್ ಮತ್ತು ರೇಡಿಯೇಷನ್ ಆಗುವ ಹಲವರಲ್ಲಿ ಉಳಿದ ಗಂಟುಗಳನ್ನು ಹಾಗೆಯೇ ಬಿಡಬಹುದು. ನೀಲಿ ಬಣ್ಣ ಬಳಸಿದರೆ ಒಂದೆರಡು ದಿನ ಮೂತ್ರ ನೀಲಿ-ಹಸಿರಾಗಿ ಹೋಗುತ್ತದೆ. ಹೆದರಬೇಡಿ.

ಈ ಸೌಲಭ್ಯ ಎಲ್ಲ ಕಡೆ ಇರುವುದಿಲ್ಲ. ಮಂಗಳೂರು, ಮಣಿಪಾಲದ ದೊಡ್ಡ ಆಸ್ಪತ್ರೆಗಳ ಕ್ಯಾನ್ಸರ್ ವಿಭಾಗದಲ್ಲಿ ಒಮ್ಮೆ ವಿಚಾರಿಸಿ, ಆಮೇಲೆ ದಿನ ಗೊತ್ತುಮಾಡಿ. ಗಂಟುಗಳಲ್ಲಿ ಕ್ಯಾನ್ಸರ್ ಇದೆ ಎಂದು ಮೊದಲೇ ಸೂಜಿ ಪರೀಕ್ಷೆಯಲ್ಲಿ ಗೊತ್ತಾದವರಿಗೆ ಹೆಚ್ಚಾಗಿ ಪೂರ್ತಿ ಆಪರೇಷನ್ ಬೇಕಾಗುತ್ತದೆ. ಮೊದಲು ಕೀಮೋ ಕೊಟ್ಟು ಗಂಟು ಕರಗಿದರೆ ಲೆಕ್ಕ ಬದಲಾಗಬಹುದು. ಅದನ್ನೂ ಕೇಳಿ.

ಯಾವ ನರ, ಯಾವ ಕೆಲಸ

ಎದೆಯ ಪಕ್ಕೆಗೆ ಅಂಟಿಕೊಂಡಂತೆ ಮೇಲಿಂದ ಕೆಳಗೆ ಇಳಿಯುವುದು ಲಾಂಗ್ ಥೊರಾಸಿಕ್ ನರ. ಭುಜದ ಹಿಂದಿನ ಚಪ್ಪಟೆ ಮೂಳೆಯನ್ನು ಬೆನ್ನಿಗೆ ಒತ್ತಿ ಹಿಡಿಯುವ ಸ್ನಾಯುವಿಗೆ ಇದೇ ಆಧಾರ. ಇದಕ್ಕೆ ಪೆಟ್ಟಾದರೆ ಆ ಮೂಳೆ ರೆಕ್ಕೆಯಂತೆ ಹಿಂದಕ್ಕೆ ಎದ್ದು ನಿಲ್ಲುತ್ತದೆ. ಕೈ ತಲೆಯ ಮೇಲೆ ಹೋಗುವುದಿಲ್ಲ. ಬಟ್ಟೆ ಒಣಹಾಕುವುದು, ಅಟ್ಟದ ಡಬ್ಬ ಇಳಿಸುವುದು ಎಲ್ಲವೂ ಕಷ್ಟ.

ಎರಡನೆಯದು ಥೊರಾಕೊಡಾರ್ಸಲ್ ನರ. ಸ್ವಲ್ಪ ಹಿಂದೆ, ತನ್ನದೇ ರಕ್ತನಾಳಗಳ ಜೊತೆ ಇಳಿದು ಬೆನ್ನಿನ ಅಗಲವಾದ ಸ್ನಾಯುವಿಗೆ ಸೇರುತ್ತದೆ. ಹಗ್ಗ ಜಗ್ಗಿ ಕೊಡಪಾನ ಮೇಲೆತ್ತುವಾಗ ಕೆಲಸ ಮಾಡುವುದು ಅದೇ ಸ್ನಾಯು. ಮುಂದೆ ಬೆನ್ನಿನ ಸ್ನಾಯುವಿನಿಂದ ಸ್ತನದ ಆಕಾರ ಕೊಡಿಸಿಕೊಳ್ಳುವ ಯೋಚನೆ ಇದ್ದರೆ ಇದರ ಜೊತೆಗಿರುವ ರಕ್ತನಾಳಗಳೂ ಉಳಿಯಲೇಬೇಕು.

ಮೂರನೆಯದು ಇಂಟರ್‌ಕೋಸ್ಟೋಬ್ರೇಕಿಯಲ್ ನರ. ಇದು ಸ್ನಾಯು ಆಡಿಸುವ ನರ ಅಲ್ಲ, ಸ್ಪರ್ಶದ ನರ. ಎದೆಯ ಗೋಡೆಯಿಂದ ಹೊರಟು ಗಂಟುಗಳು ಹುದುಗಿರುವ ಕೊಬ್ಬಿನ ನಡುವೆಯೇ ಅಡ್ಡ ಹಾದು ತೋಳಿನ ಒಳಬದಿಗೆ ಹೋಗುತ್ತದೆ. ದಾರಿಗೆ ಅಡ್ಡ ಇರುವುದರಿಂದ ಹೆಚ್ಚಾಗಿ ಕತ್ತರಿ ಬೀಳುವುದು ಇದಕ್ಕೇ. ತುಂಡಾದರೆ ಅಲ್ಲಿ ಮರಗಟ್ಟುತ್ತದೆ. ಕೆಲವರಿಗೆ ಉರಿ, ಚುಚ್ಚಿದ ನೋವು ವರ್ಷಗಟ್ಟಲೆ ಉಳಿಯುತ್ತದೆ. ಕೈ ಆಡುತ್ತದಲ್ಲ ಎಂದು ಇದನ್ನು ಹಗುರವಾಗಿ ತೆಗೆದುಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ. ರವಿಕೆಯ ತೋಳು ತಾಗಿದರೂ ಬೆಚ್ಚುವ ಹೆಂಗಸರನ್ನು ನೋಡಿದ್ದೇನೆ.

ಥಿಯೇಟರ್ ಒಳಗೆ ನಡೆಯುವುದು

ಇದನ್ನು ತಿಳಿದಿದ್ದರೆ ಪ್ರಶ್ನೆ ಕೇಳುವುದು ಸುಲಭ. ಮೊದಲು ಕೈಯನ್ನು ಬದಿಗೆ ಚಾಚಿ ಮಲಗಿಸುತ್ತಾರೆ. 90 ಡಿಗ್ರಿಗಿಂತ ಹೆಚ್ಚು ಎಳೆದಿಡಬಾರದು, ಇಡೀ ತೋಳಿನ ನರಗಳ ಕಟ್ಟು ಜಗ್ಗುತ್ತದೆ. ಕಂಕುಳಿನ ಕೆಳಗೆ ಗೀರು ಹಾಕಿ, ಎದೆಯ ಸ್ನಾಯುವಿನ ಅಂಚು ಹಿಡಿದು ಒಳಗೆ ಹೋಗುತ್ತಾರೆ. ಕಂಕುಳಿನ ದೊಡ್ಡ ರಕ್ತನಾಳ ಸಿಕ್ಕಿದಲ್ಲಿ ಮೇಲಿನ ಗಡಿ. ಅದರ ಮೇಲೆ ಕೆದಕುವುದಿಲ್ಲ. ತೋಳಿನ ಮುಖ್ಯ ನರಗಳು ಇರುವುದು ಅಲ್ಲಿಯೇ.

ಒಳ್ಳೆಯ ಸರ್ಜನ್ ಗಂಟು ತೆಗೆಯುವ ಮೊದಲು ನರ ಹುಡುಕುತ್ತಾರೆ. ಲಾಂಗ್ ಥೊರಾಸಿಕ್ ನರವನ್ನು ಎದೆಗೋಡೆಯ ಮೇಲೆ ಕಣ್ಣಾರೆ ನೋಡಿ, ಅದನ್ನು ಅಲ್ಲಿಯೇ ಬಿಟ್ಟು, ಮುಂದಿನ ಕೊಬ್ಬನ್ನು ಮಾತ್ರ ಬಿಡಿಸುತ್ತಾರೆ. ಥೊರಾಕೊಡಾರ್ಸಲ್ ನರವನ್ನು ಅದರ ರಕ್ತನಾಳದ ಗುರುತಿನಿಂದ ಹಿಡಿಯುತ್ತಾರೆ. ಅಡ್ಡ ಹೋಗುವ ಸ್ಪರ್ಶದ ನರವನ್ನು ಉಳಿಸಬೇಕಾದರೆ ಅದರ ಸುತ್ತಲಿನ ಕೊಬ್ಬನ್ನು ತಾಳ್ಮೆಯಿಂದ ಬಿಡಿಸಬೇಕು. ಶಂಕರಪುರ ಮಲ್ಲಿಗೆಯ ಚೆಂಡಿನಿಂದ ಬಾಳೆನಾರು ಹರಿಯದ ಹಾಗೆ ಹೂವು ಬಿಡಿಸುವಂಥ ಕೆಲಸ ಅದು. ಸಮಯ ಜಾಸ್ತಿ ಹಿಡಿಯುತ್ತದೆ. ನರದ ಹತ್ತಿರ ಕರೆಂಟಿನಿಂದ ಸುಡುವ ಉಪಕರಣ ಬಳಸದೆ, ಸಣ್ಣ ರಕ್ತನಾಳಗಳಿಗೆ ಕ್ಲಿಪ್ ಹಾಕುವುದು ಅಥವಾ ದಾರ ಕಟ್ಟುವುದು ಕ್ಷೇಮ. ಬಿಸಿಯಿಂದಲೂ ನರ ಸಾಯುತ್ತದೆ.

ಅರಿವಳಿಕೆ ಡಾಕ್ಟರಿಗೂ ಇಲ್ಲಿ ಪಾತ್ರವಿದೆ. ಸ್ನಾಯು ಸಡಿಲಿಸುವ ಔಷಧಿಯ ಪರಿಣಾಮ ಪೂರ್ತಿ ಇದ್ದರೆ ನರ ಮುಟ್ಟಿದರೂ ಸ್ನಾಯು ಅಲ್ಲಾಡುವುದಿಲ್ಲ. ಆ ಪರಿಣಾಮ ಇಳಿದಿದ್ದರೆ ಮೆಲ್ಲಗೆ ಮುಟ್ಟಿದಾಗ ಸ್ನಾಯು ಅದುರುತ್ತದೆ, ನರ ಬದುಕಿದೆ ಎಂದು ಗೊತ್ತಾಗುತ್ತದೆ. ಕೆಲವು ಕಡೆ ಇದಕ್ಕೆ ನರಕ್ಕೆ ಸಣ್ಣ ಕರೆಂಟ್ ಕೊಟ್ಟು ನೋಡುವ ನರ್ವ್ ಸ್ಟಿಮ್ಯುಲೇಟರ್ ಬಳಸುತ್ತಾರೆ.

ಕ್ಯಾನ್ಸರ್ ಗಂಟು ನರಕ್ಕೇ ಅಂಟಿಕೊಂಡಿದ್ದರೆ ನರವನ್ನು ಬಿಟ್ಟುಕೊಡಬೇಕಾಗಬಹುದು. ಅಲ್ಲಿ ಸರ್ಜನ್ ನಿರ್ಧಾರವೇ ಸರಿ. ರೋಗ ಉಳಿಸಿ ನರ ಉಳಿಸುವುದರಲ್ಲಿ ಅರ್ಥವಿಲ್ಲ.

ಕೇಳಬೇಕಾದ ಮಾತು

ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಹೊತ್ತಿಗೆ ಕೇಳಬೇಡಿ, ಆಗ ಎಲ್ಲರಿಗೂ ಗಡಿಬಿಡಿ. ಅದಕ್ಕೆ ಮೊದಲಿನ ಒಪಿಡಿ ದಿನವೇ ಕೇಳಿ. "ಡಾಕ್ಟ್ರೇ, ಸೆಂಟಿನೆಲ್ ಸಾಕಾಗ್ತದಾ? ತೋಳಿನ ಸ್ಪರ್ಶದ ನರ ಉಳಿಸ್ಲಿಕ್ಕೆ ಆಗ್ತದಾ? ಉಳಿಸಿದ್ರೆ, ತೆಗೆದ್ರೆ, ಡಿಸ್ಚಾರ್ಜ್ ಚೀಟಿಯಲ್ಲಿ ಬರೀತೀರಾ?" ಕೊನೆಯ ಪ್ರಶ್ನೆ ಬಹಳ ಮುಖ್ಯ. ನರ ತುಂಡಾಗಿದೆಯಾ, ಬರೀ ಜಗ್ಗಿದೆಯಾ ಎಂದು ಗೊತ್ತಿದ್ದರೆ ನಮ್ಮಂಥವರು ವ್ಯಾಯಾಮ ಕೊಡುವ ರೀತಿಯೇ ಬೇರೆ. ನಿಮ್ಮ ಕೆಲಸವನ್ನೂ ಹೇಳಿ. ಮೀನಿನ ಬುಟ್ಟಿ ಹೊರುವವರು, ಬೀಡಿ ಕಟ್ಟುವವರು, ಕಂಪ್ಯೂಟರ್ ಮುಂದೆ ಕೂರುವವರು, ಒಬ್ಬೊಬ್ಬರ ತೋಳಿನ ಅಗತ್ಯ ಒಂದೊಂದು.

ಆಪರೇಷನ್ ಆದ ಮೇಲೆ

ಡಾಕ್ಟರ್ ಬೇಡ ಎನ್ನದಿದ್ದರೆ ಮರುದಿನದಿಂದಲೇ ಮುಷ್ಟಿ ಬಿಗಿದು ಬಿಡುವುದು, ಮೊಣಕೈ ಮಡಚುವುದು ಶುರು ಮಾಡಿ. ಗಾಯದೊಳಗಿನ ನೀರು ಹೊರಹೋಗಲು ಇಟ್ಟ ಡ್ರೈನ್ ಪೈಪ್ ಇರುವ ತನಕ ಕೈಯನ್ನು ಭುಜದ ಮಟ್ಟಕ್ಕಿಂತ ಮೇಲೆ ಎತ್ತುವುದು ಸಾಮಾನ್ಯವಾಗಿ ಬೇಡ. ಪೈಪ್ ತೆಗೆದ ಮೇಲೆ ಗೋಡೆಯ ಮೇಲೆ ಬೆರಳುಗಳನ್ನು ನಡೆಸುತ್ತಾ ಮೇಲಕ್ಕೆ ಹೋಗಿ.

ಭುಜದ ಮಟ್ಟಕ್ಕೆ ಕೈ ಎತ್ತಲು ಬಂದ ಮೇಲೆ ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಗೋಡೆಗೆ ಎದುರಾಗಿ ನಿಂತು, ಎರಡೂ ಅಂಗೈಗಳನ್ನು ಭುಜದ ಎತ್ತರದಲ್ಲಿಟ್ಟು ಮೆಲ್ಲಗೆ ತಳ್ಳಿ. ಹಿಂದಿನಿಂದ ಮಗಳೋ ಅಕ್ಕನೋ ಬೆನ್ನು ನೋಡಲಿ. ಒಂದು ಬದಿಯ ಮೂಳೆ ಎದ್ದು ನಿಂತರೆ ಬೇಗ ತೋರಿಸಿ. ನರ ಜಗ್ಗಿದ್ದರೆ ಹೆಚ್ಚಿನವರಲ್ಲಿ ತಿಂಗಳುಗಳಲ್ಲಿ ಚೇತರಿಸುತ್ತದೆ. ಅಲ್ಲಿವರೆಗೆ ಆ ಕೈಯಲ್ಲಿ ಭಾರ ಎತ್ತಬೇಡಿ.

ಕೆಲವು ವಾರಗಳಲ್ಲಿ ಕಂಕುಳಿನಿಂದ ಮೊಣಕೈವರೆಗೆ ಹಗ್ಗದಂಥ ಬಿಗಿ ಕಾಣಿಸಿಕೊಳ್ಳಬಹುದು. ನಮ್ಮೂರಲ್ಲಿ ಇದನ್ನು "ನರ ಎಳೀತದೆ" ಎನ್ನುತ್ತಾರೆ, ಎಣ್ಣೆ ಹಾಕಿ ಬಲವಾಗಿ ಉಜ್ಜಿಸುತ್ತಾರೆ. ಅದು ನರ ಅಲ್ಲ. ಗಂಟು ತೆಗೆದ ಮೇಲೆ ಆ ದಾರಿಯ ದುಗ್ಧನಾಳಗಳು (ಹಾಲಿನ ನಾಳ ಅಲ್ಲ, ಲಿಂಫ್ ದ್ರವ ಹರಿಯುವ ಸಣ್ಣ ನಾಳಗಳು) ಗಟ್ಟಿಯಾಗಿ ಹಾಗಾಗುತ್ತದೆ ಎನ್ನುವುದು ವೈದ್ಯರ ಸಾಮಾನ್ಯ ಅಭಿಪ್ರಾಯ. ಮೆಲ್ಲನೆಯ ಹಿಗ್ಗಿಸುವ ವ್ಯಾಯಾಮದಿಂದ ಹೆಚ್ಚಿನವರಲ್ಲಿ ಕಡಿಮೆಯಾಗುತ್ತದೆ. ಉಜ್ಜಿಸಬೇಡಿ.

ಮರಗಟ್ಟಿದ ಜಾಗದ ಅಂಚಿಗೆ ಪೆನ್ನಿನಿಂದ ಗೆರೆ ಎಳೆದು ಫೋಟೊ ತೆಗೆದಿಡಿ. ತಿಂಗಳಿಗೊಮ್ಮೆ ಹೋಲಿಸಿದರೆ ಚಿಕ್ಕದಾಗುತ್ತಿದೆಯಾ ಎಂದು ತಿಳಿಯುತ್ತದೆ. ಆ ಜಾಗಕ್ಕೆ ಬಿಸಿನೀರಿನ ಚೀಲ ಇಡಬೇಡಿ, ಸುಟ್ಟರೂ ಗೊತ್ತಾಗುವುದಿಲ್ಲ. ಬ್ಲೇಡಿನ ಬದಲು ಟ್ರಿಮ್ಮರ್ ಬಳಸಿ. ಸ್ನಾನಕ್ಕೆ ಹಂಡೆಯ ನೀರು ತೋಡಿಕೊಂಡಾಗ ಬಿಸಿ ಎಷ್ಟಿದೆ ಎಂದು ಇನ್ನೊಂದು ಕೈಯಿಂದ ನೋಡಿ.

ಉರಿ ಮೂರು ತಿಂಗಳು ದಾಟಿದರೆ ಸಾಮಾನ್ಯ ನೋವಿನ ಮಾತ್ರೆ ನುಂಗುತ್ತಾ ಕೂರಬೇಡಿ. ನರದ ನೋವಿಗೇ ಗ್ಯಾಬಾಪೆಂಟಿನ್, ಅಮಿಟ್ರಿಪ್ಟಿಲಿನ್‌ನಂಥ ಬೇರೆ ಔಷಧಿಗಳಿವೆ. ಡಾಕ್ಟರ್ ಬರೆದುಕೊಟ್ಟ ಪ್ರಮಾಣದಲ್ಲೇ ತೆಗೆದುಕೊಳ್ಳಬೇಕು. ಕೈ ಊದಿಕೊಂಡರೆ, ಕೆಂಪಾಗಿ ಜ್ವರ ಬಂದರೆ, ಅಥವಾ ಸರಿಯಿದ್ದ ಬಲ ಇದ್ದಕ್ಕಿದ್ದಂತೆ ಕಡಿಮೆಯಾದರೆ ಮುಂದಿನ ಚೆಕಪ್ ತನಕ ಕಾಯದೆ ಆವತ್ತೇ ಆಸ್ಪತ್ರೆಗೆ ಫೋನ್ ಮಾಡಿ.