ಟ್ಯಾಂಕರ್ ನೀರಲ್ಲೂ ಮುಖ ತಿಳಿಯಾಯಿತು, ಬೀರುವೂ ತುಂಬಿತು: ನನ್ನ ಅನುಭವ

ಗದ್ದದ ಮೇಲಿನ ಕಪ್ಪು ಕಲೆಗಳು ಹೋದವು. ಪೂರ್ತಿ ಅಲ್ಲ, ಮುಕ್ಕಾಲು ಪಾಲು. ಹತ್ತಿರದಿಂದ ಫೋಟೊ ತೆಗೆದರೂ ಹುಡುಕಬೇಕು, ಅಷ್ಟು ಹೋಗಿವೆ. "ದಿನಕ್ಕೊಂದು ಕ್ರೀಮ್ ಹಚ್ಚಿದ್ರೆ ಇರೋ ಮುಖನೂ ಕೆಡುತ್ತೆ ಕಣೇ" ಅಂತ ಅಕ್ಕ ಹೇಳುತ್ತಲೇ ಇದ್ದಳು. ಆಫೀಸಿನ ಗೆಳತಿಯರದ್ದು ಇನ್ನೊಂದು ಮಾತು: "ಒಂದು ರೊಟೀನ್ ಹಿಡಿದ್ರೆ ಮೂರು ತಿಂಗಳು ಅಲ್ಲಾಡಬಾರದು ರೀ." ಆ ಮಾತು ಸುಳ್ಳಲ್ಲ. ಆದರೆ ನಲ್ಲಿ ನೀರೇ ವಾರಕ್ಕೊಂದು ಥರ ಬರುವ ಮನೆಗೆ ಅದು ಹೊಂದಲ್ಲ. ಪ್ಯಾಚ್ ಟೆಸ್ಟ್ (ಮೊದಲು ಸ್ವಲ್ಪ ಜಾಗಕ್ಕೆ ಹಚ್ಚಿ ನೋಡುವುದು) ಹೇಗೆ, ಸೀರಮ್ (ಮುಖಕ್ಕೆ ಹಚ್ಚುವ ತೆಳು ದ್ರವ) ಯಾವಾಗ ಅನ್ನೋದೆಲ್ಲ ನಿಮಗೆ ಗೊತ್ತಿರುವುದೇ, ಅದನ್ನು ಬಿಟ್ಟು ನಾನು ಮಾಡಿದ್ದನ್ನು ಮಾತ್ರ ಬರೆಯುತ್ತೇನೆ: ಮೊದಲು ಮುಖದ ಆರೈಕೆ, ಆಮೇಲೆ ಅದರಲ್ಲಿ ಉಳಿದ ದುಡ್ಡಲ್ಲಿ ಕೂಡಿಸಿದ ಹಳೆಯ ಡಬ್ಬಿ, ಭರಣಿಗಳ ಕಥೆ.

ಬೆಂಗಳೂರಿನ ಬಸವನಗುಡಿಯಲ್ಲಿದ್ದಾಗ ಕಾವೇರಿ ನೀರು. ಯಾವ ಫೇಸ್‌ವಾಶ್ ಹಾಕಿದರೂ ನಡೆಯುತ್ತಿತ್ತು. ಮದುವೆಯಾಗಿ ವೈಟ್‌ಫೀಲ್ಡ್ ಕಡೆ ಬಂದೆ, ಇಲ್ಲಿ ಬೋರ್‌ವೆಲ್. 2024ರ ಬೇಸಿಗೆಯಲ್ಲಿ ಅದೂ ಬತ್ತಿ ಟ್ಯಾಂಕರ್ ಶುರುವಾಯಿತು. ನಮ್ಮ ಕಡೆಯವರಿಗೆಲ್ಲ ಆ ಮಾರ್ಚ್ ನೆನಪಿರುತ್ತದೆ. ಒಂದು ಟ್ಯಾಂಕರ್ ನೀರಲ್ಲಿ ನೊರೆಯೇ ಬರಲ್ಲ, ಇನ್ನೊಂದರಲ್ಲಿ ಸುಮಾರಾಗಿ ಬರುತ್ತದೆ. ಮುಖ ತೊಳೆದು ಟವೆಲ್ ಇಡುವಷ್ಟರಲ್ಲಿ ಕೆನ್ನೆ ಬಿಗಿದುಕೊಳ್ಳುತ್ತಿತ್ತು. ಮೊಡವೆ ಬಂದಿದ್ದೂ ಆಗಲೇ, ಗದ್ದದ ಸುತ್ತ.

ಮುನ್ನೂರು ರೂಪಾಯಿ ಒಳಗೆ ಒಂದು ಟಿಡಿಎಸ್ ಮೀಟರ್ ತರಿಸಿದೆ, ನೀರಲ್ಲಿ ಕರಗಿದ ಲವಣ ಎಷ್ಟಿದೆ ಅಂತ ತೋರಿಸುವಂಥದ್ದು. ಅಮ್ಮನ ಮನೆಯ ಕಾವೇರಿ ನೀರು ಇನ್ನೂರರ ಆಸುಪಾಸು ತೋರಿಸಿತು. ನಮ್ಮ ಮನೆಯದು ಒಂದು ವಾರ ಒಂಬೈನೂರು, ಮುಂದಿನ ವಾರ ಸಾವಿರ ದಾಟಿತು. ಕುಡಿಯುವ ನೀರಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಹೇಳುವುದು 500, ಬೇರೆ ದಾರಿಯೇ ಇಲ್ಲದಿದ್ದರೆ 2000ದವರೆಗೆ. ಟಿಡಿಎಸ್ ಅಂದರೆ ಪೂರ್ತಿ ಗಡಸುತನ ಅಲ್ಲ, ಗೊತ್ತು. ಆದರೂ ಅಂದಾಜಿಗೆ ಸಾಕು. ಗಡಸು ನೀರಲ್ಲಿ ಕ್ಯಾಲ್ಸಿಯಂ ಇರುತ್ತದೆ, ಅದು ಸಾಬೂನಿನ ಜೊತೆ ಸೇರಿ ಅಂಟಂಟು ಪದರ ಆಗುತ್ತದೆ. ಬಕೆಟ್ ಅಂಚಿನಲ್ಲಿ ಬಿಳಿ ಗೆರೆ ಕೂರುತ್ತಲ್ಲ, ಅದೇ. ಅದರ ಮೇಲೆ ಎಷ್ಟು ದುಬಾರಿ ಸೀರಮ್ ಹಾಕಿದರೇನು ಬಂತು?

ಷವರಿಗೆ ಹಾಕುವ ಫಿಲ್ಟರ್‌ಗೆ ಎರಡು ಸಾವಿರದ ಹತ್ತಿರ ಕೊಟ್ಟೆ. ಮೀಟರ್‌ನಲ್ಲಿ ಮೊದಲು ಎಷ್ಟಿತ್ತೋ ಆಮೇಲೂ ಅಷ್ಟೇ, ನೊರೆಯೂ ಅಷ್ಟೇ. ಕಸ, ಮಣ್ಣು ಹಿಡಿಯುತ್ತದೆ, ಗಡಸುತನ ಹೋಗಲ್ಲ. ಕೊನೆಗೆ ಉಳಿದದ್ದು ಪುಕ್ಕಟೆ ಉಪಾಯ. ನಲ್ಲಿ ನೀರಲ್ಲಿ ತೊಳೆದು, ಕಡೆಯಲ್ಲಿ ಒಂದು ಚೊಂಬು ಆರ್‌ಒ ನೀರು ಮುಖಕ್ಕೆ ಸುರಿದುಕೊಳ್ಳುವುದು. ಜೊತೆಗೆ ಸಾಬೂನು ಬಿಟ್ಟು ಸಿಂಡೆಟ್ ಬಾರ್, ಅಂದರೆ ಸಾಬೂನಲ್ಲದ ತೊಳೆಯುವ ಬಿಲ್ಲೆ. ಸಾಬೂನಿನ ಪಿಎಚ್ (ಆಮ್ಲ, ಕ್ಷಾರದ ಅಳತೆ) 9ರಿಂದ 10, ಚರ್ಮದ್ದು 5ರ ಹತ್ತಿರ. ಈ ಎರಡೇ ಬದಲಾವಣೆಗೆ ಬಿಗಿತ ಅರ್ಧ ಇಳಿಯಿತು. ಅಕ್ಕ ಮೊದಲ ಸಲ ಸುಮ್ಮನಾದದ್ದು ಆಗ.

ಇನ್ನು ರೊಟೀನ್. ನನ್ನದರಲ್ಲಿ ಮೂರು ಗಟ್ಟಿ: ತೊಳೆಯುವುದು, ಮಾಯಿಶ್ಚರೈಸರ್ ಕ್ರೀಮ್, ಹಗಲಲ್ಲಿ ಸನ್‌ಸ್ಕ್ರೀನ್. ಮಳೆ ಬರಲಿ, ನೆಂಟರು ಬರಲಿ, ಈ ಮೂರು ತಪ್ಪಲ್ಲ. ರಾತ್ರಿ ಹೊತ್ತು ಒಂದು ಜಾಗ ಖಾಲಿ ಇಡುತ್ತೇನೆ. ಅಲ್ಲಿಗೆ ಯಾವುದು ಬರಬೇಕು ಅನ್ನೋದು ಅವತ್ತೇ ತೀರ್ಮಾನ. ಮುಖ ತೊಳೆದು ಏನೂ ಹಚ್ಚದೆ ಹತ್ತು ನಿಮಿಷ ಬಿಡುತ್ತೇನೆ, ಅಷ್ಟರಲ್ಲಿ ಮಗನ ಸ್ಕೂಲ್ ಬ್ಯಾಗ್ ಜೋಡಿಸಿ ಮುಗಿಯುತ್ತದೆ. ಆಮೇಲೆ ಬಾಯಿ ಅಗಲ ತೆರೆದು ನೋಡುತ್ತೇನೆ. ಕೆನ್ನೆ ಎಳೆದಂತಾದರೆ ಅವತ್ತು ಬರೀ ಕ್ರೀಮ್. ಮೂಗಿನ ಪಕ್ಕ ಚುರುಗುಟ್ಟಿದರೂ ಅಷ್ಟೇ. ಏನೂ ಇಲ್ಲ, ಹಣೆ ಸ್ವಲ್ಪ ಜಿಡ್ಡಾಗಿದೆ ಅಂದರೆ ಮೊಡವೆಯ ಮದ್ದು ಅಡಾಪಲಿನ್ ಶೇ. 0.1, ಬಟಾಣಿ ಕಾಳಿನಷ್ಟು, ಇಡೀ ಮುಖಕ್ಕೆ. ಇದು ಡಾಕ್ಟರ್ ಬರೆದುಕೊಟ್ಟದ್ದು. ಬಸುರಿಯರು ಇದನ್ನು ಮುಟ್ಟಬಾರದು. ಅಡಾಪಲಿನ್ ಹಚ್ಚಿದ ಮರುದಿನ ರಾತ್ರಿ ಏನೇ ಆದರೂ ಬರೀ ಕ್ರೀಮ್. ಅದರ ಮರುದಿನ ಅಜಲೈಕ್ ಆಸಿಡ್ ಶೇ. 10, ಕಲೆಗೆ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಲ್ಯಾಕ್ಟಿಕ್ ಆಸಿಡ್, ಸತ್ತ ಚರ್ಮ ತೆಗೆಯಲು. ಡಿಸೆಂಬರ್, ಜನವರಿಯ ಒಣ ಚಳಿಯಲ್ಲಿ ಅದೂ ಬೇಡ. ಒಂದೇ ರಾತ್ರಿ ಎರಡು ಆಸಿಡ್ ಅಂತೂ ಯಾವತ್ತೂ ಇಲ್ಲ.

ನಾಲ್ಕು ರಾತ್ರಿಯ ಚಕ್ರ ಅಂತ ಅಮೆರಿಕದ ಚರ್ಮವೈದ್ಯೆ ವಿಟ್ನಿ ಬೋವಿ ಹೇಳಿಕೊಟ್ಟ ಸ್ಕಿನ್ ಸೈಕ್ಲಿಂಗ್ ಇದೆಯಲ್ಲ: ಒಂದು ರಾತ್ರಿ ಆಸಿಡ್, ಒಂದು ರಾತ್ರಿ ರೆಟಿನಾಯ್ಡ್ (ಅಡಾಪಲಿನ್ ಜಾತಿಯ ಮದ್ದು), ಎರಡು ರಾತ್ರಿ ರಜೆ. ಅದನ್ನೂ ಹಾಗೇ ಹಿಡಿದು ನೋಡಿದೆ. ಒಳ್ಳೆಯ ಪದ್ಧತಿ. ನಮ್ಮ ನೀರು ಕೆಟ್ಟ ವಾರ ಎರಡು ರಜೆ ಸಾಲಲಿಲ್ಲ, ಐದು ಬೇಕಾಯಿತು. ಅಮ್ಮನ ಮನೆಯಲ್ಲಿದ್ದ ದಸರಾ ರಜೆಯಲ್ಲಿ ಒಂದೇ ಸಾಕಾಯಿತು. ಹಾಗಾಗಿ ದಿನ ಎಣಿಸುವುದು ಬಿಟ್ಟು ಕೆನ್ನೆ ನೋಡುವುದು ಹಿಡಿದೆ. ಅಡುಗೆಮನೆ ಕ್ಯಾಲೆಂಡರ್ ಮೇಲೆ ಪೆನ್ಸಿಲಿನಲ್ಲಿ ಒಂದಕ್ಷರ: ಅಡಾಪಲಿನ್‌ಗೆ ಅ, ಅಜಲೈಕ್‌ಗೆ ಜ, ಲ್ಯಾಕ್ಟಿಕ್‌ಗೆ ಲ, ಬರೀ ಕ್ರೀಮ್ ಆದರೆ ಸೊನ್ನೆ. ನನ್ನ ಹತ್ತಿರ ಐದನೇ ಟ್ಯೂಬ್ ಒಂದಿದೆ. ಫಂಕ್ಷನ್‌ಗೆ ಎರಡು ದಿನ ಮುಂಚೆ ಹಚ್ಚುವಂಥದ್ದು. ಅದರ ಹೆಸರು ನನ್ನ ಹತ್ತಿರವೇ ಇರಲಿ, ನಾದಿನಿಗೂ ಹೇಳಿಲ್ಲ.

ಕೈಕೊಟ್ಟವನ್ನೂ ಹೇಳಬೇಕು, ದುಡ್ಡು ಹೋದದ್ದು ಅಲ್ಲೇ. ಹತ್ತು ಹೆಜ್ಜೆಯ ಕೊರಿಯನ್ ಪದ್ಧತಿಗೆ ಆರೇಳು ಸಾವಿರ ಸುರಿದೆ. ಸೀರಮ್ ಮೇಲೆ ಎಸೆನ್ಸ್, ಅದರ ಮೇಲೆ ಆಂಪೂಲ್, ಎಲ್ಲ ಮುಖಕ್ಕೆ ಹಚ್ಚುವ ದ್ರವಗಳೇ. ಹೊರ ವರ್ತುಲ ರಸ್ತೆಯ ಧೂಳಲ್ಲಿ ಸ್ಕೂಟರ್ ಓಡಿಸಿ ಆಫೀಸಿನ ಎಸಿಗೆ ಹೋಗುವಷ್ಟರಲ್ಲಿ ಹಣೆ ಮೇಲೆ ಎಲ್ಲ ಸುರುಳಿ ಸುರುಳಿಯಾಗಿ ಏಳುತ್ತಿತ್ತು. ವಿಟಮಿನ್ ಸಿ ಸೀರಮ್ ಮೂರು ಬಾಟಲಿ. ತಂದಾಗ ನೀರಿನ ಬಣ್ಣ, ಏಪ್ರಿಲ್ ಬರುವಷ್ಟರಲ್ಲಿ ಕಿತ್ತಳೆ. ಗಾಳಿ, ಬೆಳಕು ತಾಗಿದರೆ ಅದು ಆಕ್ಸಿಡೈಸ್ ಆಗಿ ಕೆಡುತ್ತದೆ, ಫ್ರಿಜ್‌ನಲ್ಲಿಟ್ಟರೆ ಸ್ವಲ್ಪ ದಿನ ಜಾಸ್ತಿ ಬಾಳುತ್ತದೆ, ಅಷ್ಟೇ. ಎರಡು ಸಾವಿರದ ಬಾಟಲಿ ಅರ್ಧ ಚೆಲ್ಲುವುದು ನನಗೆ ಒಗ್ಗಲಿಲ್ಲ. ಪಾರ್ಲರ್ ಒಂದರಲ್ಲಿ ಮದುವೆ ಮನೆಗೆ ಅಂತ ಮಾಡಿದ ಫೇಶಿಯಲ್‌ಗೆ ಮೂರು ಸಾವಿರ, ಮರುದಿನ ಗದ್ದದ ತುಂಬ ಗುಳ್ಳೆ.

ಒಂದು ವಿಷಯ ಮಾತ್ರ ಕೈಮುಗಿದು ಹೇಳುತ್ತೇನೆ. ಮೆಡಿಕಲ್ ಶಾಪಿನಲ್ಲಿ ಕೇಳಿದ ತಕ್ಷಣ ಕೊಡುವ ಬೆಳ್ಳಗಾಗುವ ಕ್ರೀಮ್ ಟ್ಯೂಬ್ ತಿರುಗಿಸಿ ಓದಿ. ಹೈಡ್ರೋಕ್ವಿನೋನ್, ಟ್ರೆಟಿನಾಯ್ನ್ ಜೊತೆ ಮೊಮೆಟಾಸೋನ್ ಅಂತ ಇದ್ದರೆ ಅದರಲ್ಲಿ ಸ್ಟೀರಾಯ್ಡ್ ಇದೆ. ಮೊದಲ ವಾರ ಮುಖ ಹೊಳೆಯುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ಕೆಂಪು ನರ ಕಾಣುತ್ತದೆ, ನಿಲ್ಲಿಸಿದ ದಿನ ಉರಿ. ನಮ್ಮ ಸಂಬಂಧಿಕರ ಹುಡುಗಿಯೊಬ್ಬಳು ಬಿಸಿಲಿಗೆ ಹೋಗಲಾಗದೆ ಒದ್ದಾಡಿದ್ದನ್ನು ಕಣ್ಣಾರೆ ನೋಡಿದ್ದೇನೆ. ಡಾಕ್ಟರ್ ಇಲ್ಲದೆ ಅದನ್ನು ಮುಟ್ಟಲೇಬೇಡಿ.

ಸನ್‌ಸ್ಕ್ರೀನ್ ಬಗ್ಗೆ ಜಾಸ್ತಿ ಎಳೆಯಲ್ಲ. ಬೆಂಗಳೂರು ತಂಪು ಅಂತ ಬಿಸಿಲನ್ನು ಲೆಕ್ಕಕ್ಕಿಡದವರೇ ಹೆಚ್ಚು. ನಾವಿರುವುದು 900 ಮೀಟರ್ ಎತ್ತರದಲ್ಲಿ, ಸಮಭಾಜಕ ವೃತ್ತಕ್ಕೆ ಹತ್ತಿರ. ಸೆಕೆ ಇಲ್ಲದಿದ್ದರೂ ಯುವಿ (ಅತಿನೇರಳೆ) ಕಿರಣ ಚೆನ್ನಾಗಿಯೇ ಬೀಳುತ್ತದೆ. ಕಲೆ ಇರುವವರು ಬಣ್ಣ ಇರುವ ಸನ್‌ಸ್ಕ್ರೀನ್ ತಗೊಳ್ಳಿ, ಅದರಲ್ಲಿನ ಐರನ್ ಆಕ್ಸೈಡ್ ಕಣ್ಣಿಗೆ ಕಾಣುವ ಬೆಳಕನ್ನೂ ತಡೆಯುತ್ತದೆ. ನಮ್ಮ ಎಣ್ಣೆಗೆಂಪು ಬಣ್ಣಕ್ಕೆ ಬಿಳಿ ಬೂದಿ ಬಳಿದಂತೆಯೂ ಕಾಣಲ್ಲ. 50 ಗ್ರಾಂ ಟ್ಯೂಬ್ ನಿಮಗೆ ನಾಲ್ಕು ತಿಂಗಳು ಬರುತ್ತಿದ್ದರೆ ನೀವು ಹಚ್ಚುತ್ತಿಲ್ಲ ಅಂತಲೇ ಅರ್ಥ. ನನಗೆ ಒಂದೂವರೆ ತಿಂಗಳಿಗೆ ಮುಗಿಯುತ್ತದೆ.

ಮಧ್ಯೆ ಒಂದು ಪ್ರಯೋಗ. ಅತ್ತೆ, "ಇದೆಲ್ಲ ಯಾಕಮ್ಮ, ಕಡಲೆಹಿಟ್ಟು ಹಚ್ಚು" ಅಂದರು. ಸರಿ, ಎಡಗೆನ್ನೆಗೆ ಕಡಲೆಹಿಟ್ಟು ಮೊಸರು, ಬಲಗೆನ್ನೆಗೆ ಸಿಂಡೆಟ್, ಒಂದು ತಿಂಗಳ ಹತ್ತಿರ. ಕಡಲೆಹಿಟ್ಟು ಜಿಡ್ಡನ್ನು ಚೆನ್ನಾಗಿ ತೆಗೆಯುತ್ತದೆ, ನಿಜ. ಸನ್‌ಸ್ಕ್ರೀನ್ ಮಾತ್ರ ಅದಕ್ಕೆ ಬಗ್ಗಲ್ಲ. ಬಿಳಿ ಬಟ್ಟೆಯಲ್ಲಿ ಒರೆಸಿದಾಗ ಎಡಗಡೆ ಬಣ್ಣ ಇನ್ನೂ ಬರುತ್ತಿತ್ತು. ಆ ಬಟ್ಟೆಯನ್ನು ಅತ್ತೆಗೆ ತೋರಿಸಿದೆ. ಈಗ ಅವರು ಸಿಂಡೆಟ್, ನಾನು ಭಾನುವಾರ ಮಾತ್ರ ಕಡಲೆಹಿಟ್ಟು, ಅದೂ ಕೈಗೆ ಕಾಲಿಗೆ.

ಇಷ್ಟೆಲ್ಲ ಆದ ಮೇಲೆ ಲೆಕ್ಕ ಹಾಕಿದರೆ, ಮೊದಲು ತಿಂಗಳಿಗೆ ಐದು ಸಾವಿರ ಹೋಗುತ್ತಿದ್ದದ್ದು ಈಗ ಸಾವಿರದ ಇನ್ನೂರು, ಹೆಚ್ಚೆಂದರೆ ಒಂದೂವರೆ. ಉಳಿದ ದುಡ್ಡು ಎಲ್ಲಿ ಹೋಗುತ್ತದೆ ಅಂದರೆ ಡಬ್ಬಿಗೆ. ಚಂದದ ಡಬ್ಬಿ, ಭರಣಿ, ಕಾಂಪ್ಯಾಕ್ಟ್ (ಕನ್ನಡಿ ಇರುವ ಪುಟ್ಟ ಪೌಡರ್ ಡಬ್ಬಿ). ಇದರಲ್ಲಿ ನನ್ನದು ಒಂದೇ ನಿಯಮ. ಚರ್ಮಕ್ಕೆ ಹೋಗುವುದು ಅಗ್ಗದ ಟ್ಯೂಬಿನಲ್ಲಿರಲಿ, ಅದರ ಪ್ಯಾಕಿಂಗ್ ನೋಡಿ ಕಾಸು ಕೊಡಬೇಡಿ. ಅಂದಕ್ಕೆ ಕೊಡುವ ದುಡ್ಡನ್ನು ಬಾಳುವ ವಸ್ತುವಿಗೆ ಕೊಡಿ. ಹೊಸ ಐಷಾರಾಮಿ ಪೌಡರ್ ಡಬ್ಬಿಯ ಅರ್ಧ ಬೆಲೆಗೆ ಭಾರದ ಹಿತ್ತಾಳೆ ಕುಂಕುಮ ಭರಣಿ ಬರುತ್ತದೆ, ಕೈಯಲ್ಲಿ ಹಿಡಿದರೇ ಒಂದು ತೂಕ.

ಚಿಕ್ಕಪೇಟೆ ಕಡೆಯ ಸಂಡೇ ಬಜಾರ್‌ಗೆ ಬೆಳಗ್ಗೆ ಏಳಕ್ಕೆ ಮುಂಚೆ ಹೋಗಬೇಕು. ಎಂಟರ ಮೇಲೆ ಉಳಿಯುವುದು ಹಳೇ ಚಾರ್ಜರ್‌ಗಳು. ನನಗೆ ಭರಣಿ ಕೊಡುವ ಹಿರಿಯರು ಯಾವ ಮೂಲೆಯಲ್ಲಿ ಕೂರುತ್ತಾರೆ ಅಂತ ಹೇಳಲ್ಲ, ಕ್ಷಮಿಸಿ. ಮೂರು ಅಂತಸ್ತಿನ ಹಿತ್ತಾಳೆ ಭರಣಿ ನಾನೂರಕ್ಕೆ ಬಂತು, ಹುಣಸೆಹಣ್ಣು ಉಪ್ಪು ಹಾಕಿ ಉಜ್ಜಿದ ಮೇಲೆ ಮುಚ್ಚಳದ ಮೇಲೆ ಹಂಸ ಕಾಣಿಸಿತು. ಹಳೆಯ ಭರಣಿಯಲ್ಲಿ, ಸುರ್ಮಾದಾನಿಯಲ್ಲಿ (ಕಣ್ಣಿಗೆ ಹಚ್ಚುವ ಕಪ್ಪಿನ ಡಬ್ಬಿ) ಉಳಿದ ಪುಡಿಯನ್ನು ಮಾತ್ರ ಹಚ್ಚಲೇಬೇಡಿ, ಸೀಸ ಇರಬಹುದು. ಒದ್ದೆ ಬಟ್ಟೆಯಲ್ಲಿ ಒರೆಸಿ, ಬಟ್ಟೆ ಎಸೆದು, ಕೈ ತೊಳೆದುಕೊಳ್ಳಿ.

ಚನ್ನಪಟ್ಟಣದ ಕುಂಕುಮ ಡಬ್ಬಿಗಳು ಐದಾರಿವೆ, ಹಾಲೆ ಮರದವು. ಅವಕ್ಕೆ ಸ್ಯಾನಿಟೈಜರ್ ತಾಗಿಸಬೇಡಿ. ಮೇಲಿನ ಹೊಳಪು ಅರಗು, ಆಲ್ಕೋಹಾಲ್‌ಗೆ ಕರಗುತ್ತದೆ. ಕೋವಿಡ್ ಕಾಲದಲ್ಲಿ ಒರೆಸಿದ ಹಳದಿ ಡಬ್ಬಿಯ ಮೇಲೆ ಇವತ್ತಿಗೂ ನನ್ನ ಹೆಬ್ಬೆರಳಿನ ಗುರುತಿದೆ. ಮೈಸೂರು ಸ್ಯಾಂಡಲ್ ಸೋಪಿನ ಹಳೆಯ ಪೆಟ್ಟಿಗೆಗಳನ್ನೂ ಇಟ್ಟಿದ್ದೇನೆ. ನಾಲ್ವಡಿಯವರ ಕಾಲದಲ್ಲಿ ಶುರುವಾದ ಸೋಪು, ಒಡವೆ ಪೆಟ್ಟಿಗೆಯಂಥ ಡಬ್ಬಿಯಲ್ಲಿ ಮೊಟ್ಟೆಯಾಕಾರದ ಬಿಲ್ಲೆ, ಮೇಲೆ ಸಿಂಹದ ಮೈ, ಆನೆ ತಲೆಯ ಶರಭ. ಅಮ್ಮ ಸೀರೆ ಮಧ್ಯೆ ಇಡುತ್ತಿದ್ದಳು, ನಾನೂ ಇಡುತ್ತೇನೆ.

ಸಂಗ್ರಹದಲ್ಲಿ ನನಗೆ ಅತಿ ಪ್ರೀತಿಯದು ಇಂಗ್ಲೆಂಡಿನ ಸ್ಟ್ರಾಟನ್ ಕಂಪನಿಯ ಹಳೆಯ ಪೌಡರ್ ಕಾಂಪ್ಯಾಕ್ಟ್. ಎರಡೂವರೆ ಸಾವಿರ ಬಿತ್ತು. ಅಂಗೈಯಗಲ, ನೀಲಿ ಎನಾಮೆಲ್. ಹೊರ ಮುಚ್ಚಳ ಎತ್ತಿದರೆ ಒಳಗಿನ ತೆಳು ಮುಚ್ಚಳವೂ ತಾನಾಗಿ ಏಳುತ್ತದೆ. ಉಗುರು ಹಾಕಿ ಎತ್ತುವ ಕಷ್ಟ ಬೇಡ, ನೇಲ್ ಪಾಲಿಶ್ ಕೆಡಲ್ಲ. ಇಷ್ಟು ವರ್ಷವಾದರೂ ಸ್ಪ್ರಿಂಗ್ ಗಟ್ಟಿ, ಮುಚ್ಚಿದಾಗ ಚಟ್ ಅಂತ ಸದ್ದು.

ಇಂಥವನ್ನು ಬರೀ ನೋಡುತ್ತಾ ಕೂರುವವಳಲ್ಲ ನಾನು, ಬಳಸುತ್ತೇನೆ. ಒಡೆದ ಐಶ್ಯಾಡೋ, ಬ್ಲಶ್ ಪುಡಿಮಾಡಿ, ಐಸೊಪ್ರೊಪೈಲ್ ಆಲ್ಕೋಹಾಲ್ ಹನಿ ಹನಿ ಹಾಕಿ, ಒದ್ದೆ ಮರಳಿನ ಹದಕ್ಕೆ ಬಂದಾಗ 26 ಮಿಲಿಮೀಟರ್ ಅಗಲದ ಪುಟ್ಟ ಮೇಕಪ್ ತಟ್ಟೆಗೆ ತುಂಬಿ, ಐದು ರೂಪಾಯಿ ನಾಣ್ಯಕ್ಕೆ ಹತ್ತಿ ಬಟ್ಟೆ ಸುತ್ತಿ ಒತ್ತುತ್ತೇನೆ. ಮಿನುಗುವ ಬಣ್ಣ ಚೆನ್ನಾಗಿ ಕೂರುತ್ತದೆ. ಹೊಳಪಿಲ್ಲದ ಮ್ಯಾಟ್ ಬಣ್ಣ ಮೂರಕ್ಕೆ ಎರಡು ಸಲ ಬಿರುಕು ಬಿಟ್ಟಿತು, ಕಡೆಗೆ ಒಂದು ಹನಿ ಬೇರೇನೋ ಸೇರಿಸಿದ ಮೇಲೆ ನಿಂತಿತು. ಆ ಹನಿ ಯಾವುದು ಅಂತ ನೀವೇ ಹುಡುಕಿ, ಅದರಲ್ಲೂ ಖುಷಿ ಇದೆ. ಹಿತ್ತಾಳೆಗೂ ಅಲ್ಯೂಮಿನಿಯಂ ತಟ್ಟೆಗೂ ಅಯಸ್ಕಾಂತ ಹಿಡಿಯಲ್ಲ, ತಟ್ಟೆ ಕೆಳಗೆ ಕಬ್ಬಿಣದ ಸ್ಟಿಕ್ಕರ್ ಅಂಟಿಸಿ, ಡಬ್ಬಿ ತಳಕ್ಕೆ ಮ್ಯಾಗ್ನೆಟ್ ಹಾಳೆ ಹಾಕಿ. ಕ್ರೀಮ್, ಎಣ್ಣೆ ಪದಾರ್ಥ ಹಳೆಯ ಲೋಹದೊಳಗೆ ಬೇಡ, ಪುಡಿ ಮಾತ್ರ. ಎಲ್ಲವೂ ಬೀರುವಿನಲ್ಲಿ, ಜೊತೆಗೆ ಶೂ ಡಬ್ಬಿಯಲ್ಲಿ ಬರುವ ಸಿಲಿಕಾ ಪೊಟ್ಟಣ. ಬಚ್ಚಲುಮನೆ ಶೆಲ್ಫಿನಲ್ಲಿಟ್ಟದ್ದು ಒಂದೂ ಉಳಿಯಲಿಲ್ಲ.

ಹೋದ ತಿಂಗಳು ಅಕ್ಕ ಬಂದಾಗ ಕ್ಯಾಲೆಂಡರ್ ಫೋಟೊ ತೆಗೆದುಕೊಂಡು ಹೋದಳು. ಅವಳ ಮನೆ ಜಯನಗರ, ನೀರು ಬೇರೆ, ಸೊನ್ನೆಗಳನ್ನು ಕಡಿಮೆ ಮಾಡಿಕೋ ಅಂತ ಹೇಳಿ ಕಳಿಸಿದೆ. ಈಗ ನನ್ನ ಕೈಯಲ್ಲಿರುವ ಕೆಲಸ ಸ್ಟ್ರಾಟನ್ ಒಳಗಿನ ಕನ್ನಡಿ. ಅಂಚಿನಲ್ಲಿ ಕಪ್ಪು ಹಿಡಿದಿದೆ. ಅವೆನ್ಯೂ ರಸ್ತೆಯಲ್ಲಿ ಕೇಳಿದವರೆಲ್ಲ ದಪ್ಪ ಗಾಜೇ ತೋರಿಸಿದರು, ಅದು ಹಾಕಿದರೆ ಮುಚ್ಚಳ ಕೂರಲ್ಲ. ಒಂದು ಮಿಲಿಮೀಟರ್ ದಪ್ಪದ ಕನ್ನಡಿಯನ್ನು ಗುಂಡಗೆ ಕತ್ತರಿಸಿಕೊಡುವವರು ಊರಲ್ಲಿ ಯಾರಾದರೂ ಗೊತ್ತಿದ್ದರೆ ಹೇಳಿ, ಐನೂರರವರೆಗೆ ಕೊಡಲು ರೆಡಿ.