ಹೊಳೆಗುಂಟ ಹತ್ತಿ, ಕಡಲಗುಂಟ ಮರಳಿ: ಉತ್ತರ ಕನ್ನಡದಲ್ಲಿ ನನ್ನ ಸೈಕಲ್ ದಾರಿಗಳು

ಉತ್ತರ ಕನ್ನಡದ ಕರಾವಳಿಯಲ್ಲಿ ರೋಡ್ ಸೈಕಲ್ ಓಡಿಸಲು ಬರುವವರಲ್ಲಿ ಹೆಚ್ಚಿನವರು ನಕ್ಷೆಯಲ್ಲಿ ಎದ್ದು ಕಾಣುವ 66ನೆಯ ರಾಷ್ಟ್ರೀಯ ಹೆದ್ದಾರಿಯನ್ನೇ ಹಿಡಿದು ಭಟ್ಕಳದಿಂದ ಕಾರವಾರದವರೆಗೆ ನೇರವಾಗಿ ಸಾಗುತ್ತಾರೆ. ಆ ದಾರಿಯಲ್ಲಿ ದೂರ ಕ್ರಮಿಸಿದ ತೃಪ್ತಿ ಸಿಗುತ್ತದೆಯೇ ಹೊರತು ಈ ಸೀಮೆ ಕಣ್ಣಿಗೆ ಸಿಗುವುದಿಲ್ಲ, ಏಕೆಂದರೆ ಇಲ್ಲಿನ ನೆಲದ ರೂಪ ನಿರ್ಧಾರವಾಗಿರುವುದು ಕಡಲಿನಿಂದಲ್ಲ, ಘಟ್ಟದಿಂದ ಇಳಿದು ಬರುವ ಹೊಳೆಗಳಿಂದ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಈ ನಾಲ್ಕೂ ಒಂದೊಂದು ಕಣಿವೆಯನ್ನು ಕೊರೆದಿವೆ. ಆದ್ದರಿಂದ ನಾನು ಹೆದ್ದಾರಿಯನ್ನು ಒಂದು ಕಣಿವೆಯಿಂದ ಇನ್ನೊಂದಕ್ಕೆ ದಾಟುವ ಕೊಂಡಿಯಾಗಿ ಮಾತ್ರ ಬಳಸುತ್ತೇನೆ, ಸವಾರಿಯ ದಿನಗಳನ್ನು ಹೊಳೆಗಳ ಪ್ರಕಾರ ಹಂಚಿಕೊಳ್ಳುತ್ತೇನೆ.

ದಾರಿಯನ್ನು ಆರಿಸುವ ಮೊದಲು ಗಾಳಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮಳೆ ಮುಗಿದ ಮೇಲೆ, ವಿಶೇಷವಾಗಿ ನವೆಂಬರಿನಿಂದ ಫೆಬ್ರುವರಿಯವರೆಗೆ, ನಸುಕಿನಲ್ಲಿ ನೆಲದ ಕಡೆಯಿಂದ ಕಡಲಿಗೆ ತೆಳುವಾದ ಗಾಳಿ ಬೀಸುತ್ತಿರುತ್ತದೆ. ಬಿಸಿಲೇರಿ ನೆಲ ಕಾದ ಮೇಲೆ ಅದು ತಿರುಗಿ, ಮಧ್ಯಾಹ್ನದ ಹೊತ್ತಿಗೆ ವಾಯವ್ಯ ದಿಕ್ಕಿನಿಂದ ಕಡಲ ಗಾಳಿ ಗಟ್ಟಿಯಾಗುತ್ತದೆ. ಹೀಗಾಗಿ ಕರಾವಳಿಗುಂಟ ಹೋಗುವ ದಿನ ಬೆಳಿಗ್ಗೆ ಉತ್ತರಕ್ಕೆ ಹೋಗಿ, ಮಧ್ಯಾಹ್ನದ ಮೇಲೆ ದಕ್ಷಿಣಕ್ಕೆ ಮರಳುವುದೇ ಸರಿಯಾದ ಕ್ರಮ. ಇದನ್ನು ತಿರುವುಮುರುವು ಮಾಡಿದರೆ ದಣಿದ ಕಾಲುಗಳಿಗೆ ಕೊನೆಯ ಇಪ್ಪತ್ತು ಕಿಲೋಮೀಟರ್ ಎದುರುಗಾಳಿಯೇ ಗತಿ.

ಹೊನ್ನಾವರದಿಂದ ಶರಾವತಿಯ ಕಣಿವೆಯಲ್ಲಿ ಹತ್ತಿ, ಘಟ್ಟದ ಮೇಲೆ ಸಿದ್ದಾಪುರ, ಶಿರಸಿಗಳನ್ನು ದಾಟಿ, ದೇವಿಮನೆ ಘಟ್ಟದಲ್ಲಿ ಕುಮಟಾಕ್ಕೆ ಇಳಿದು, ಮತ್ತೆ ಹೊನ್ನಾವರ ಸೇರುವ ಸುತ್ತು ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು. ಒಟ್ಟು ದೂರ ಇನ್ನೂರು ಕಿಲೋಮೀಟರಿಗೆ ಹತ್ತಿರವಾಗುವುದರಿಂದ ಶಿರಸಿಯಲ್ಲಿ ತಂಗಿ ಎರಡು ದಿನಗಳಲ್ಲಿ ಮುಗಿಸುವುದು ಒಳ್ಳೆಯದು. ಗಟ್ಟಿಗರು ಒಂದೇ ದಿನದಲ್ಲಿ ಮುಗಿಸಬಲ್ಲರು, ಆದರೆ ಆಗ ದೇವಿಮನೆಯ ಇಳಿಜಾರು ಆಯಾಸದ ಹೊತ್ತಿಗೆ ಬರುತ್ತದೆ. ಹಾಗೆ ಮಾಡಿ ಎಂದು ನಾನು ಯಾರಿಗೂ ಹೇಳಲಾರೆ.

ಹೊನ್ನಾವರದಿಂದ ಗೇರುಸೊಪ್ಪದವರೆಗಿನ ಸುಮಾರು ಮೂವತ್ತು ಕಿಲೋಮೀಟರ್ ಹೆಚ್ಚುಕಡಿಮೆ ಸಮತಟ್ಟು. ತೆಂಗು, ಅಡಿಕೆ ತೋಟಗಳ ನಡುವೆ ರಸ್ತೆ ಸಾಗುತ್ತದೆ, ಹೊಳೆ ಆಗಾಗ ಮರಗಳ ಸಂದಿಯಲ್ಲಿ ತೋರಿ ಮರೆಯಾಗುತ್ತದೆ. ಇಲ್ಲಿ ವೇಗ ತಾನಾಗಿ ಕೂಡಿಬರುತ್ತದೆ, ಅದಕ್ಕಾಗಿಯೇ ಕಾಲನ್ನು ಹಿಡಿದಿಟ್ಟುಕೊಳ್ಳಬೇಕು. ಗೇರುಸೊಪ್ಪದಲ್ಲಿ ಶರಾವತಿಯ ಕೊನೆಯ ಅಣೆಕಟ್ಟು ಇದೆ. ಸಮಯವಿದ್ದವರು ಸಮೀಪದ ಕಾಡಿನಲ್ಲಿರುವ ಚತುರ್ಮುಖ ಬಸದಿಯನ್ನು ನೋಡಿಕೊಂಡು ಬರಬಹುದು. ನಾಲ್ಕು ದಿಕ್ಕಿಗೂ ಬಾಗಿಲಿರುವ ಆ ಕಲ್ಲಿನ ಕಟ್ಟಡದ ಒಳಗಿನ ತಂಪು ಏರುದಾರಿಗೆ ಮುಂಚಿನ ಅತ್ಯುತ್ತಮ ವಿಶ್ರಾಂತಿ.

ಗೇರುಸೊಪ್ಪ ದಾಟಿದ ಮೇಲೆ ಮಾವಿನಗುಂಡಿಯವರೆಗೆ ಘಟ್ಟ. ಕಡಲ ಮಟ್ಟಕ್ಕೆ ಸಮೀಪದಿಂದ ಹೊರಟು ಸುಮಾರು ಐನೂರು ಮೀಟರ್ ಮೇಲೇರಬೇಕಾದರೂ ಏರು ಬಹು ದೂರಕ್ಕೆ ಹರಡಿಕೊಂಡಿರುವುದರಿಂದ ಕಡಿದಾದ ತುಂಡುಗಳು ಕಡಿಮೆ. ಮುಂದೆ 34 ಹಲ್ಲಿನ ಚಿಕ್ಕ ಚೈನ್‌ರಿಂಗ್ (ಪೆಡಲಿನ ಬಳಿಯ ಹಲ್ಲುಚಕ್ರ), ಹಿಂದೆ 32 ಅಥವಾ 34 ಹಲ್ಲಿನ ದೊಡ್ಡ ಕಾಗ್ (ಹಿಂಗಾಲಿಯ ಹಲ್ಲುಚಕ್ರ) ಇದ್ದರೆ ಕೂತಲ್ಲಿಂದ ಏಳದೆ, ಮಾತನಾಡಲು ಉಸಿರು ಉಳಿಯುವಂತೆ ಹತ್ತಬಹುದು. ನಾನು ಇಲ್ಲಿ ಅನುಸರಿಸುವ ನಿಯಮ ಇಷ್ಟೇ: ಮೊದಲ ಐದು ಕಿಲೋಮೀಟರಿನಲ್ಲಿ ಒಂದು ಗೇರ್ ಕಡಿಮೆಯೇ ಇರಲಿ, ಪೆಡಲ್ ಹಗುರವಾಗಿ ತಿರುಗಲಿ.

ಈ ಏರಿನಲ್ಲಿ ರಸ್ತೆಯ ಎಡ ಅಂಚನ್ನು ಗಮನವಿಟ್ಟು ನೋಡಬೇಕು. ಡಾಂಬರು ಮುಗಿಯುವಲ್ಲಿ ಹಲವೆಡೆ ಗೇಣುದ್ದದ ಇಳಿತವಿದ್ದು, ಅದರ ಕೆಳಗೆ ಚರಂಡಿಗೆ ಹೋಗುವ ಜಾಗದಲ್ಲಿ ಜಂಬಿಟ್ಟಿಗೆಯ ಕೆಂಪು ಮಣ್ಣು ಹಾಸಿರುತ್ತದೆ. ಬಿಸಿಲು ಬೀಳದ ತಿರುವುಗಳಲ್ಲಿ ಡಿಸೆಂಬರಿನಲ್ಲೂ ಹಾವಸೆ ಹಸಿಯಾಗಿಯೇ ಇರುತ್ತದೆ, ತರಗೆಲೆ ಅದನ್ನು ಮುಚ್ಚಿಕೊಂಡಿರುತ್ತದೆ. ಹಿಂದಿನಿಂದ ಲಾರಿಯ ಹಾರ್ನ್ ಕೇಳಿದಾಕ್ಷಣ ಆ ಅಂಚಿಗೆ ಸರಿಯುವುದು ಸಹಜ ಪ್ರವೃತ್ತಿ, ಆದರೆ ತೆಳು ಟಯರ್ ಅಲ್ಲಿಗಿಳಿದರೆ ಮತ್ತೆ ಮೇಲೆ ಹತ್ತುವುದಿಲ್ಲ. ಡಾಂಬರಿನ ಅಂಚಿನಿಂದ ಒಂದು ಮೊಳ ಒಳಗೆ, ಒಂದೇ ಗೆರೆಯಲ್ಲಿ, ಅಲುಗಾಡದೆ ಹತ್ತುವ ಸವಾರನನ್ನು ಚಾಲಕರು ಲೆಕ್ಕ ಹಾಕಿ ದಾಟುತ್ತಾರೆ. ಅತ್ತಿತ್ತ ತೂಗುವವನನ್ನು ದಾಟುವುದು ಅವರಿಗೂ ಕಷ್ಟ. 28 ಮಿಲಿಮೀಟರಿಗಿಂತ ತೆಳುವಾದ ಟಯರ್ ಈ ಸೀಮೆಗೆ ಸಲ್ಲದು, 32 ಇನ್ನೂ ಒಳ್ಳೆಯದು.

ಇದು ಸಿಂಗಳೀಕಗಳ ಕಾಡು. ಸವಾರಿಯಲ್ಲಿ ಅವು ಕಾಣಿಸುವುದು ಅಪರೂಪವಾದರೂ ಕೊಂಬೆ ಅಲುಗಿದ ಸದ್ದಿಗೆ ತಲೆಯೆತ್ತದೆ ಇರಲಾಗುವುದಿಲ್ಲ. ಸಾಮಾನ್ಯ ಮಂಗಗಳು ರಸ್ತೆಯ ಬದಿಯಲ್ಲೇ ಕೂತಿರುತ್ತವೆ. ಅವುಗಳೆದುರು ತಿಂಡಿಯ ಚೀಲ ಬಿಚ್ಚಬಾರದು, ಅವುಗಳಿಗೆ ಏನನ್ನೂ ಹಾಕಲೂ ಬಾರದು.

ಮಾವಿನಗುಂಡಿಯಿಂದ ಜೋಗ ಹತ್ತಿರ. 253 ಮೀಟರ್ ಎತ್ತರದ ಜಲಪಾತವನ್ನು ತುಂಬು ನೀರಿನಲ್ಲಿ ನೋಡುವ ಆಸೆಯಿಂದ ಜನವರಿಯಲ್ಲಿ ಬಂದವರಿಗೆ ನಿರಾಶೆಯಾಗುತ್ತದೆ, ಏಕೆಂದರೆ 1964ರಿಂದ ಲಿಂಗನಮಕ್ಕಿ ಜಲಾಶಯ ನೀರನ್ನು ವಿದ್ಯುತ್ತಿಗಾಗಿ ಹಿಡಿದಿಡುತ್ತದೆ. ಸೈಕಲ್ಲಿನ ಋತುವೂ ಜಲಪಾತದ ಋತುವೂ ಒಂದಾಗುವುದಿಲ್ಲ ಎಂದು ಒಪ್ಪಿಕೊಂಡು, ಕಣಿವೆಯನ್ನು ನೋಡಲೆಂದೇ ಹೋಗುವುದು ಮೇಲು. ಅಲ್ಲಿಂದ ಸಿದ್ದಾಪುರ, ಶಿರಸಿಯವರೆಗೆ ಸಣ್ಣ ಏರಿಳಿತಗಳ ದಾರಿ. ಚಳಿಗಾಲದಲ್ಲಿ ಅಂಗಳಗಳಲ್ಲಿ ಅಡಿಕೆ ಒಣಗುತ್ತಿರುತ್ತದೆ, ಎಲ್ಲಿ ನಿಂತು ನೀರು ಕೇಳಿದರೂ ಬೆಲ್ಲದೊಡನೆ ಕೊಡುವ ಮನೆಗಳಿವೆ.

ಮರುದಿನ ಶಿರಸಿಯಿಂದ ಕುಮಟಾಕ್ಕೆ ಸುಮಾರು ಅರವತ್ತು ಕಿಲೋಮೀಟರ್. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ಎತ್ತಿನ ಗಾಡಿಗಳಲ್ಲಿ ಕುಮಟಾ ಬಂದರಿಗೆ ಇಳಿಯುತ್ತಿದ್ದದ್ದು ದೇವಿಮನೆ ಘಟ್ಟದಲ್ಲೇ. ಭಾರ ಹೊತ್ತ ಗಾಡಿಗೆ ಒಗ್ಗುವಂತೆ ಬಳಸಿ ಬಳಸಿ ಕಡಿದ ದಾರಿಯಾದ್ದರಿಂದ ಇಳಿಜಾರು ಏಕರೂಪವಾಗಿದೆ, ಆದರೆ ತಿರುವುಗಳು ಒತ್ತೊತ್ತಾಗಿವೆ. ಬ್ರೇಕನ್ನು ಸತತವಾಗಿ ಒತ್ತಿ ಹಿಡಿಯದೆ, ತಿರುವಿಗೆ ಮೊದಲೇ ಎರಡೂ ಬ್ರೇಕುಗಳಿಂದ ವೇಗ ಇಳಿಸಿ, ತಿರುವಿನೊಳಗೆ ಬಿಟ್ಟು ಸಾಗಬೇಕು. ಗಾಲಿಯ ಅಂಚನ್ನೇ ಒತ್ತಿ ಹಿಡಿಯುವ ರಿಮ್ ಬ್ರೇಕ್ ಇದ್ದವರು ನಡುವೆ ಒಮ್ಮೆ ನಿಂತು ರಿಮ್ಮಿನ ಬಿಸಿ ಆರಲು ಬಿಡುವುದು ಅಗತ್ಯ. ಮೇಲೆ ಬರುವ ಬಸ್ಸು ತಿರುವಿನಲ್ಲಿ ಇಡೀ ರಸ್ತೆಯನ್ನು ಆಕ್ರಮಿಸುತ್ತದೆ ಎಂದೇ ತಿಳಿದು ಇಳಿಯಬೇಕು. ಈ ರಸ್ತೆಯನ್ನು ಅಗಲಗೊಳಿಸುವ ಕಾಮಗಾರಿಯಿಂದಾಗಿ ಆಗಾಗ ಸಂಚಾರ ನಿರ್ಬಂಧವಿರುವುದರಿಂದ ಹೊರಡುವ ಮುನ್ನ ಶಿರಸಿಯಲ್ಲಿ ವಿಚಾರಿಸಿಕೊಳ್ಳುವುದು ಒಳಿತು.

ಮಳೆಗಾಲದಲ್ಲಿ ನಾನು ಈ ಘಟ್ಟಗಳಿಗೆ ಸೈಕಲ್ ಒಯ್ಯುವುದಿಲ್ಲ. ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಕತಗಾಲದ ಬಳಿ ಚಂಡಿಕಾ ಹೊಳೆ ಉಕ್ಕಿದರೆ ಕುಮಟಾ ರಸ್ತೆಯೇ ಮುಚ್ಚುತ್ತದೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಜೀವಗಳು ಹೋದವು. ಗುಡ್ಡ ಕಡಿದ ಮಗ್ಗುಲಲ್ಲಿ ಸೈಕಲ್ ಸವಾರ ಕಳೆಯುವ ಹೊತ್ತು ಕಾರಿನವನದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಎಂಬುದನ್ನು ಹಸಿರಿನ ಮೋಹದಲ್ಲಿ ಮರೆಯಬಾರದು.

ಕಡಲ ದಾರಿಗಳ ಪೈಕಿ ನಾನು ಆರಿಸುವುದು ಕುಮಟಾದಿಂದ ಗೋಕರ್ಣದ ಸುತ್ತು. ಹೆದ್ದಾರಿ ಬಿಟ್ಟು ಬಾಡ, ಕಾಗಾಲಗಳ ಒಳರಸ್ತೆಯಲ್ಲಿ ಅಘನಾಶಿನಿ ಊರು ತಲುಪಿ, ಅಳಿವೆಯಲ್ಲಿ ದೋಣಿ ಹತ್ತಿ ತದಡಿಗೆ ದಾಟಬೇಕು. ದೋಣಿಗೆ ಸೈಕಲ್ ಏರಿಸುವಾಗ ಡಿರೇಲರ್ (ಗೇರ್ ಬದಲಿಸಲು ಚೈನನ್ನು ಸರಿಸುವ ಭಾಗ) ಇರುವ ಬಲಮಗ್ಗುಲು ಮೇಲಿರುವಂತೆ ಒರಗಿಸಿ, ಒಂದು ಕೈಯಲ್ಲಿ ಮುಂದಿನ ಬ್ರೇಕ್ ಹಿಡಿದು ನಿಲ್ಲುತ್ತೇನೆ. ಉಪ್ಪುನೀರು ಸಿಡಿದ ಚೈನನ್ನು ಅದೇ ಸಂಜೆ ಸಿಹಿನೀರಿನಲ್ಲಿ ಒರೆಸಿ ಎಣ್ಣೆ ಬಿಡುತ್ತೇನೆ. ಅಣೆಕಟ್ಟು ಇಲ್ಲದೆ ಕಡಲು ಸೇರುವ ಹೊಳೆ ಅಘನಾಶಿನಿ. ಉಬ್ಬರದ ಉಪ್ಪುನೀರು ನುಗ್ಗುವ ಅದರ ಗಜನಿ ಗದ್ದೆಗಳಲ್ಲಿ ಉಪ್ಪನ್ನು ತಾಳಿಕೊಳ್ಳುವ ಕಗ್ಗ ಭತ್ತ ಬೆಳೆಯುತ್ತದೆ. ಗೋಕರ್ಣದಲ್ಲಿ ಊಟ ಮುಗಿಸಿ, ಸಾಣಿಕಟ್ಟಾದ ಉಪ್ಪಿನ ಆಗರಗಳ ಪಕ್ಕದಲ್ಲಿ ಮಾದನಗೇರಿಗೆ ಬಂದು ಹೆದ್ದಾರಿ ಸೇರುವ ಹೊತ್ತಿಗೆ ವಾಯವ್ಯದ ಗಾಳಿ ಎದ್ದಿರುತ್ತದೆ. ಆಗರದ ಬಯಲಿನಲ್ಲಿ ಅದು ಓರೆಯಾಗಿ ತಾಗಿದರೂ ಹೆದ್ದಾರಿ ದಕ್ಷಿಣಕ್ಕೆ ಹೊರಳಿದ ಮೇಲೆ ಬೆನ್ನಿಗೆ ಬರುತ್ತದೆ. ಮಿರ್ಜಾನದಲ್ಲಿ ಕೋಟೆಯೊಳಗೆ ಒಂದು ಸುತ್ತು ಹಾಕಿ, ದಿವಗಿಯ ಸೇತುವೆ ದಾಟಿ, ಕತ್ತಲಾಗುವ ಮೊದಲು ಕುಮಟಾ ತಲುಪಲು ಮಧ್ಯಾಹ್ನ ಮೂರರೊಳಗೆ ಗೋಕರ್ಣ ಬಿಟ್ಟರೆ ಸಾಕು.