ಹೆಡ್ ಬಿಚ್ಚಿದ ಇಂಜಿನ್‌ನ ಜಿಡ್ಡು ತೆಗೆದದ್ದು ಹೀಗೆ

ಸಂಡೂರು ಕಡೆ ಓಡಾಡುವ ಗಾಡಿಗಳ ಜಿಡ್ಡೇ ಬೇರೆ. ಸೋರಿದ ಆಯಿಲ್ ಮೇಲೆ ಅದಿರಿನ ಕೆಂಪು ದೂಳು ಕೂತು, ಇಂಜಿನ್ ಬಿಸಿಗೆ ಬೆಂದು, ರೊಟ್ಟಿ ಹಂಚಿನ ತಳದ ಕಿಟ್ಟದ ಹಾಗೆ ಅಂಟಿರುತ್ತದೆ. ಆ ದೂಳು ಕಬ್ಬಿಣದ ಅದಿರು, ಸಿಲಿಂಡರ್ ಒಳಗೆ ಚಿಟಿಕೆಯಷ್ಟು ಬಿದ್ದರೂ ಗೀರು ಬೀಳುತ್ತದೆ. ಹೊರಗೆ ಹೊಳೆಯದಿದ್ದರೂ ಪರವಾಗಿಲ್ಲ, ಒಳಗೆ ಏನೂ ಹೋಗಬಾರದು.

ಹೆಡ್, ಅಂದರೆ ಸಿಲಿಂಡರ್‌ಗಳ ಮೇಲಿನ ಮುಚ್ಚಳ, ಬಿಚ್ಚುವ ಮೊದಲೇ ತೊಳೆದರೆ ಸುಲಭ ಅಲ್ವಾ. ಆದರೆ ಈ ಮಾರುತಿ 800 ನಮ್ಮ ಬಳ್ಳಾರಿ ಶೆಡ್ಡಿಗೆ ಬಂದಾಗಲೇ ಹೆಡ್ ಕೆಳಗಿತ್ತು. ಮೂರೂ ಬೋರ್‌ಗೆ, ಅಂದರೆ ಸಿಲಿಂಡರ್ ತೂತುಗಳಿಗೆ, ಹಳೆ ಕಾಟನ್ ಬಟ್ಟೆ ತುರುಕಿದೆ, ತುದಿ ಹೊರಗೆ ಕಾಣುವ ಹಾಗೆ ಬಿಟ್ಟೆ. ನೂಲಿನ ವೇಸ್ಟ್ ಬೇಡ, ಎಳೆ ಬಿಡುತ್ತದೆ. ನೀರಿನ ತೂತು, ಆಯಿಲ್ ತೂತುಗಳ ಸುತ್ತ ಮೊದಲು ಒರೆಸಿ ಆಮೇಲೆ ಟೇಪ್ ಹಚ್ಚಿದೆ, ಜಿಡ್ಡಿನ ಮೇಲೆ ಟೇಪ್ ನಿಲ್ಲಲ್ಲ. ಡೈನಮೋಗೆ ಪ್ಲಾಸ್ಟಿಕ್ ಚೀಲ ಸುತ್ತಿದೆ.

ಸೀಮೆಎಣ್ಣೆ ಆಮೇಲೆ. ಮೊದಲು ಒಣಗಿದ್ದಾಗಲೇ ಕೆರೆಯಬೇಕು. ಬಿದಿರಿನ ಸೀಳಿನಿಂದ ಒತ್ತಿದರೆ ಹೆಂಟೆ ಹೆಂಟೆಯಾಗಿ ಏಳುತ್ತದೆ, ಕೆಳಗೆ ಪೇಪರ್ ಹಾಸಿದ್ದರೆ ಎತ್ತಿ ಬಿಸಾಡಬಹುದು. ಒದ್ದೆ ಮಾಡಿದರೆ ಅದೇ ಕೆಸರಾಗಿ ಎಲ್ಲಾ ಕಡೆ ಹರಿಯುತ್ತದೆ. ಉಳಿದದ್ದಕ್ಕೆ ಸಣ್ಣ ಬ್ರಷ್‌ನಲ್ಲಿ ಸ್ವಲ್ಪ ಸ್ವಲ್ಪವೇ ಸೀಮೆಎಣ್ಣೆ ಹಚ್ಚಿ, ನೆನೆಯಲು ಬಿಟ್ಟು, ಮೇಲಿನಿಂದ ಕೆಳಕ್ಕೆ ಒರೆಸಿದೆ. ರಬ್ಬರ್ ಪೈಪಿಗೆ ತಾಗಿದರೆ ತಕ್ಷಣ ಒರೆಸಿ, ಉಬ್ಬುತ್ತದೆ.

ಒಂದು ಮಾತು. ಸೀಮೆಎಣ್ಣೆಯ ಆವಿ ಸುಮಾರು 38 ಡಿಗ್ರಿಗೇ ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ, ನಮ್ಮೂರಲ್ಲಿ ಬೇಸಿಗೆ ಮಧ್ಯಾಹ್ನ ಅದಕ್ಕಿಂತ ಜಾಸ್ತಿ ಬಿಸಿಲಿರುತ್ತದೆ. ಬೆಳಿಗ್ಗೆ, ಬಯಲಲ್ಲಿ, ಬ್ಯಾಟರಿ ವೈರ್ ಬಿಚ್ಚಿಟ್ಟು ಮಾಡಿ. ಪೆಟ್ರೋಲಂತೂ ಬೇಡವೇ ಬೇಡ.

ಇಳಿಸಿಟ್ಟ ಹೆಡ್ ಅಲ್ಯುಮಿನಿಯಂ. ಕಾಸ್ಟಿಕ್ ಸೋಡಾ ನೀರಲ್ಲಿ ಮುಳುಗಿಸಿದರೆ ಜಿಡ್ಡಿನ ಜೊತೆ ಹೆಡ್ಡನ್ನೂ ತಿನ್ನುತ್ತದೆ. ಹೆಡ್ಡಿಗೂ ಬ್ಲಾಕಿಗೂ (ಇಂಜಿನ್‌ನ ಕೆಳಗಿನ ಮುಖ್ಯ ಭಾಗ) ನಡುವೆ ಹಾಕುವ ಗ್ಯಾಸ್ಕೆಟ್‌ನ ಹಳೇ ಚೂರು ಹತ್ತಿದ್ದಲ್ಲಿ ಪ್ಲಾಸ್ಟಿಕ್ ಪಟ್ಟಿಯಿಂದ ತಾಳ್ಮೆಯಿಂದ ಬಿಡಿಸಿದೆ. ಗ್ರೈಂಡರ್‌ಗೆ ಉಜ್ಜುವ ಡಿಸ್ಕ್ ಹಾಕಿದರೆ ಬೇಗ ಆಗುತ್ತದೆ ನಿಜ, ಆದರೆ ಅದರ ಪುಡಿ ಆಯಿಲ್‌ಗೆ ಸೇರಿ ಬೇರಿಂಗ್ ತಿಂದುಹಾಕುತ್ತದೆ, ಮೇಲಾಗಿ ಹೆಡ್ಡಿನ ಮುಖ ತಗ್ಗುದಿಣ್ಣೆಯಾಗುತ್ತದೆ.

ಹೆಡ್ ಬೋಲ್ಟ್ ತೂತುಗಳನ್ನು ಮಾತ್ರ ಮರೆಯಬೇಡಿ. ತಳ ಮುಚ್ಚಿದ ತೂತಿನಲ್ಲಿ ಸೀಮೆಎಣ್ಣೆ ನಿಂತಿದ್ದರೆ ಬೋಲ್ಟ್ ಟೈಟ್ ಮಾಡುವಾಗ ಅದಕ್ಕೆ ಹೋಗಲು ಜಾಗ ಇರಲ್ಲ, ಬ್ಲಾಕೇ ಬಿರುಕು ಬಿಡಬಹುದು. ಬಟ್ಟೆ ಅಡ್ಡ ಹಿಡಿದು, ಕನ್ನಡಕ ಹಾಕಿಕೊಂಡು, ಒಂದೊಂದಕ್ಕೂ ಗಾಳಿ ಹೊಡೆದೆ. ಬೋರ್ ಬಟ್ಟೆಯನ್ನು ಕೊನೆಗೆ ಅಂಚು ಒಳಕ್ಕೆ ಮಡಿಸಿ ಎತ್ತಿದೆ, ತುಕ್ಕು ಹಿಡಿಯದ ಹಾಗೆ ಬೋರ್ ಗೋಡೆಗೆ ತೆಳುವಾಗಿ ಇಂಜಿನ್ ಆಯಿಲ್ ಸವರಿದೆ.

ಎಲ್ಲಾ ಜೋಡಿಸಿದ ಮೇಲೆ ಹೊರಮೈಗೆ ಮುಖಕ್ಕೆ ಹಚ್ಚುವ ಪೌಡರ್ ಉದುರಿಸಿ ಗಾಡಿ ಓಡಿಸಿದೆ. ಹೆಡ್ ಮೇಲೆ ಕೂರುವ ಟ್ಯಾಪೆಟ್ ಕವರ್ ಅಂಚಿನಲ್ಲಿ ಪೌಡರ್ ಒದ್ದೆಯಾಯಿತು, ಆಯಿಲ್ ಸೋರುತ್ತಿದ್ದದ್ದು ಅಲ್ಲೇ. ಹೊಸ ಪ್ಯಾಕಿಂಗ್ ಹಾಕಿ ಕಳಿಸಿದೆ.